‘ಗುಡ್ ವೈಬ್ರೇಷನ್ಸ್’ನಲ್ಲಿ ಕೇಳುವುದು ಥೆರೆಮಿನ್ ಅಲ್ಲ

ಅಮೆರಿಕದ ಬೀಚ್ ಬಾಯ್ಸ್ ತಂಡದ 1966ರ ‘ಗುಡ್ ವೈಬ್ರೇಷನ್ಸ್’ ಹಾಡಿನಲ್ಲಿ ಕೇಳಿಬರುವ, ಊಳಿಟ್ಟಂತಹ ನಾದವು ಕೈ ತಾಕಿಸದೆಯೇ ನುಡಿಸುವ ಥೆರೆಮಿನ್‌ನದು ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಇದು ಸರಿಯಲ್ಲ.

ರಷ್ಯಾದ ಲೆವ್ ಥೆರೆಮಿನ್ 1920ರ ಸುಮಾರಿಗೆ ರೂಪಿಸಿದ ಆ ವಾದ್ಯದಲ್ಲಿ ಎರಡು ಆಂಟೆನಾಗಳಿದ್ದು, ನೆಟ್ಟಗೆ ನಿಂತ ಕಡ್ಡಿಯ ಬಳಿ ಒಂದು ಕೈ ಸರಿದಂತೆ ಸ್ವರವೂ, ಬಳೆಯಾಕಾರದ ಇನ್ನೊಂದರ ಬಳಿ ಮತ್ತೊಂದು ಕೈ ಏರಿಳಿದಂತೆ ದನಿಯ ಪ್ರಮಾಣವೂ ಬದಲಾಗುತ್ತವೆ. ವೀಣೆಯಲ್ಲಿರುವಂತೆ ಬೆರಳಿಗೆ ಆಧಾರವಾಗುವ ಮೆಟ್ಟಿಲುಗಳು ಗಾಳಿಯಲ್ಲಿ ಇಲ್ಲದ ಕಾರಣ, ಶ್ರುತಿ ತಪ್ಪದಂತೆ ನುಡಿಸುವುದು ಬಲು ಕಷ್ಟ.

ಗ್ಲೆನ್ ಮಿಲ್ಲರ್ ವಾದ್ಯವೃಂದದಲ್ಲಿದ್ದ ಟ್ರೋಂಬೋನ್ ವಾದಕ ಪಾಲ್ ಟ್ಯಾನರ್, ಬಾಬ್ ವಿಟ್ಸೆಲ್ ಜೊತೆಗೂಡಿ 1950ರ ದಶಕದ ಕೊನೆಯಲ್ಲಿ ಎಲೆಕ್ಟ್ರೋ-ಥೆರೆಮಿನ್ ತಯಾರಿಸಿದರು. ಹೆಸರಿನಲ್ಲಷ್ಟೇ ಥೆರೆಮಿನ್: ಪೆಟ್ಟಿಗೆಯೊಳಗಿನ ಆಸಿಲೇಟರ್‌ನ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಾಧನ) ಗುಂಡಿಗೆ ಹೊರಗಿನ ಜಾರುಹಿಡಿಕೆಯೊಂದನ್ನು ಜೋಡಿಸಿದ್ದು, ಅದನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಸರಿಸಿದರೆ ಸ್ವರ ಬದಲಾಗುತ್ತಿತ್ತು. ಟ್ರೋಂಬೋನಿನ ಕೊಳವೆ ಎಳೆದು ಪಳಗಿದ ಕೈಗೆ ಇದು ಬೇಗನೆ ಒಲಿದಿರಬೇಕು. ಆ ಹಾಡಿನ ಧ್ವನಿಮುದ್ರಣದಲ್ಲಿ ನುಡಿಸಿದವರೂ ಟ್ಯಾನರ್ ಅವರೇ.

ಎರಡರ ನಾದವೂ ಬಹುಮಟ್ಟಿಗೆ ಒಂದೇ ಬಗೆಯದಾದ್ದರಿಂದ ಈ ಗೊಂದಲ ಸಹಜವೇ. ವೇದಿಕೆಯ ಪ್ರದರ್ಶನಗಳಿಗಾಗಿ ತಂಡವು ಮುಂದೆ ಎಲೆಕ್ಟ್ರಾನಿಕ್ ವಾದ್ಯಗಳ ತಯಾರಕ ರಾಬರ್ಟ್ ಮೂಗ್ ಅವರಿಂದ, ಪಟ್ಟಿಯೊಂದರ ಮೇಲೆ ಬೆರಳು ಜಾರಿಸಿ ನುಡಿಸುವ ಸಾಧನವನ್ನು ಮಾಡಿಸಿಕೊಂಡಿತು. ಅದೂ ಥೆರೆಮಿನ್ ಆಗಿರಲಿಲ್ಲ.