ಫ್ರಾಯ್ಡ್ ಮೇಜಿನ ಮೇಲಿನ ವಿಷ್ಣು

ಇವತ್ತು ಬೆಳಗ್ಗೆ ಕಾಫಿ ಹೊತ್ತಿಗೆ ನನ್ನ ಅಕ್ಕನ ಮಗ ನಮ್ಮಮ್ಮನಿಗೆ ಸೈಕಾಲಜಿ ಪಾಠ ಮಾಡಿದ. "ಅಜ್ಜಿ, ದೇವರು ಅಂದ್ರೆ ನಿನ್ನ ಸುಪ್ತಮನಸ್ಸಲ್ಲಿ ಕೂತಿರೋ ನಿಮ್ಮಪ್ಪ ಅಷ್ಟೇ. ಫ್ರಾಯ್ಡ್ ಹೇಳಿದ್ದಾನೆ." ಮನೋವಿಶ್ಲೇಷಣೆ, ಅಂದರೆ ಸುಪ್ತಮನಸ್ಸನ್ನು ಕೆದಕಿ ನೋಡೋ ವಿದ್ಯೆ, ಶುರು ಮಾಡಿದ ವಿಯೆನ್ನಾದ ಡಾಕ್ಟರ್ ಈ ಫ್ರಾಯ್ಡ್.

ಅಮ್ಮ ದೀಪದ ಬತ್ತಿ ಹೊಸೆಯುತ್ತಲೇ, "ನಮ್ಮಪ್ಪ ನಂಗೆ ಎರಡು ವರ್ಷ ಇದ್ದಾಗಲೇ ಹೋದ್ರು ಕಣೋ" ಅಂದಳು.

"ನೋಡು, ಅದಕ್ಕೇ!" ಅಂದ ಇವನು.

ನನಗೆ ರೇಗಿದ್ದು ಅಲ್ಲೇ. ಅಪ್ಪ ಇದ್ದರೆ ಭಯಕ್ಕೆ ದೇವರು, ಇಲ್ಲದಿದ್ದರೆ ಕೊರಗಿಗೆ ದೇವರು. ಒಪ್ಪಿದರೆ ಅವನು ಗೆದ್ದ. ಒಪ್ಪದಿದ್ದರೆ ಸುಪ್ತಮನಸ್ಸು ಅಡ್ಡ ಹಾಕ್ತಿದೆಯಂತೆ. ಕಣಿ ಹೇಳುವವರೂ ಇಷ್ಟು ಜಾಣರಲ್ಲ.

ನಾನು ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಕಾಯೋಕೆ ಅಂತ ನಿಮಗೆಲ್ಲ ಗೊತ್ತು. ದೇವರ ಪರ ವಕಾಲತ್ತು ನನ್ನದಲ್ಲ. ಆದರೆ ಫ್ರಾಯ್ಡ್ 1927ರಲ್ಲಿ ಧರ್ಮವನ್ನು ಭ್ರಮೆ ಅಂದ ಪುಸ್ತಕದಲ್ಲೇ, ಭ್ರಮೆ ಅಂದರೆ ಸುಳ್ಳೇ ಆಗಬೇಕಿಲ್ಲ ಅಂತಲೂ ಬರೆದಿದ್ದಾನೆ. ಆಸೆಯಿಂದ ಹುಟ್ಟಿದ ನಂಬಿಕೆ, ಅಷ್ಟೇ. ರಾಜಕುಮಾರ ಬಂದು ಮದುವೆ ಆಗ್ತಾನೆ ಅಂತ ಸಾಮಾನ್ಯ ಮನೆಯ ಹುಡುಗಿ ನಂಬಿದರೆ ಅದು ಭ್ರಮೆ. ಅಪರೂಪಕ್ಕೆ ಅವನು ಬಂದೂ ಬಿಡಬಹುದು! ನಂಬಿಕೆ ಎಲ್ಲಿ ಹುಟ್ಟಿತು ಅನ್ನೋದು ಬೇರೆ, ಅದು ನಿಜವೋ ಸುಳ್ಳೋ ಅನ್ನೋದು ಬೇರೆ ಅಲ್ವಾ?

ನಮ್ಮ ದೇಶದವರೇ ಆದ ಡಾಕ್ಟರ್ ಗಿರೀಂದ್ರಶೇಖರ ಬೋಸ್ ಕಲ್ಕತ್ತಾದಲ್ಲಿ 1922ರಲ್ಲೇ ಮನೋವಿಶ್ಲೇಷಣೆಯ ಸಂಘ ಕಟ್ಟಿದ್ದರು. ಫ್ರಾಯ್ಡ್‌ಗೆ 75 ತುಂಬಿದಾಗ, 1931ರಲ್ಲಿ, ಆ ಸಂಘ ಒಂದು ದಂತದ ವಿಷ್ಣುವನ್ನು ಕಳಿಸಿತು. ಮುದುಕ ಅದನ್ನು ಬರೆಯುವ ಮೇಜಿನ ಮೇಲೇ ಇಟ್ಟುಕೊಂಡ. ಅದು ಯಾವ ಕಾಂಪ್ಲೆಕ್ಸಪ್ಪಾ?

ಮೈಮೇಲೆ ಬಂತು, ಮಾಟ ಅಂತ ಮಂತ್ರವಾದಿ ಹತ್ತಿರ ಎಳೆದೊಯ್ಯೋದು ತಪ್ಪಬೇಕಾದರೆ ಸೈಕಾಲಜಿ ಬೇಕಲ್ವಾ ಅಂತೀರಿ. ಬೇಕು ಮಾರಾಯ್ರೆ. ಬತ್ತಿ ಹೊಸೆಯುವ ಅಮ್ಮನಿಗೆ ಯಾವ ಕಾಯಿಲೆ?

ಹೋದ ತಿಂಗಳು ಹೊಸ ಬೈಕಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನೂ ಇವನೇ. ಕೇಳಿದರೆ, "ಸುಮ್ನೆ, ಅಜ್ಜಿ ಸಮಾಧಾನಕ್ಕೆ." ಅಜ್ಜಿ ಅವತ್ತು ಊರಲ್ಲೇ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನದೂ ಒಂದಿದೆ. ಅಪ್ಪ ಐಸಿಯುನಲ್ಲಿದ್ದ ಮೂರನೇ ರಾತ್ರಿ ಮೆಡಿಕಲ್ ಶಾಪ್ ಮುಂದೆ ನಿಂತು ಐದು ರೂಪಾಯಿ ನಾಣ್ಯ ಕರ್ಚೀಫಿನ ತುದಿಗೆ ಗಂಟು ಹಾಕಿದ್ದೆ. ಧರ್ಮಸ್ಥಳಕ್ಕೆ ಮುಡಿಪು. ಆ ಹೊತ್ತಲ್ಲಿ ಹಳದಿ ಬಟ್ಟೆ ಎಲ್ಲಿ ಸಿಗುತ್ತೆ? ಅಪ್ಪ ಮನೆಗೆ ಬಂದರು. ಗಂಟು ಇನ್ನೂ ಬೀರುವಿನಲ್ಲಿ, ನನ್ನ ಶರ್ಟುಗಳ ಕೆಳಗಿದೆ. ಅಮ್ಮನಿಗೆ ಹೇಳಿಲ್ಲ. ಆ ಹುಡುಗನಿಗಂತೂ ನೀವ್ಯಾರೂ ಹೇಳಬೇಡಿ.