ನಿವೃತ್ತಿಯಾಗದ 1007

ವಿಜಯಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವರು ಯಾರೆಂದು ಅಲ್ಲಿನ ಸರ್ವರಿನ ದಿನಚರಿಯಾದ ಲಾಗ್ ಕಡತವನ್ನು ಕೇಳಿದರೆ, ಅದು ಹಿಂದೆಮುಂದೆ ನೋಡದೆ ಒಬ್ಬ ದ್ವಿತೀಯ ದರ್ಜೆ ಸಹಾಯಕರ ಹೆಸರನ್ನು ಹೇಳುತ್ತದೆ. ಅವರು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಲಾಗಿನ್ ಆಗುತ್ತಾರೆ. ಏಕಕಾಲಕ್ಕೆ ನಾಲ್ಕು ಕಂಪ್ಯೂಟರುಗಳ ಮುಂದೆ ಕುಳಿತು ಅರ್ಜಿಗಳನ್ನು ಸ್ವೀಕರಿಸುತ್ತಾರೆ, ತಾವೇ ಸ್ವೀಕರಿಸಿದ್ದನ್ನು ತಾವೇ ಪರಿಶೀಲಿಸುತ್ತಾರೆ, ಪರಿಶೀಲಿಸಿದ್ದಕ್ಕೆ ತಾವೇ ಆಕ್ಷೇಪಣೆ ಬರೆದು ತಾವೇ ವಿಲೇವಾರಿ ಮಾಡುತ್ತಾರೆ. ಎರಡನೇ ಶನಿವಾರವೂ ರಜೆ ಹಾಕುವುದಿಲ್ಲ, ಚಹಾಕ್ಕೆಂದು ಎದ್ದು ಹೋದ ದಾಖಲೆಯೂ ಇಲ್ಲ. ಈ ಕರ್ತವ್ಯನಿಷ್ಠರು ಅರವತ್ತು ತುಂಬಿ, ವಯೋನಿವೃತ್ತಿ ಹೊಂದಿ, ಶಾಲು ಹೊದೆಸಿಕೊಂಡು, ಸಿಂದಗಿ ಕಡೆಯ ತಮ್ಮ ಹೊಲಕ್ಕೆ ಹೋಗಿ ಬಹಳ ವರ್ಷಗಳಾದವು ಎಂಬುದಷ್ಟೇ ಲಾಗ್ ಕಡತಕ್ಕೆ ಗೊತ್ತಿಲ್ಲ. ಅವರಿಗೆ ಅದ್ದೂರಿಯಾಗಿ ಬೀಳ್ಕೊಡುಗೆ ಕೊಟ್ಟ ಕಚೇರಿ ಅವರ ಲಾಗಿನ್ನಿಗೆ ಕೊಡುವುದನ್ನು ಮರೆಯಿತು.

ಮರೆಯಿತು ಎಂದು ಹೇಳುವುದೂ ಕಚೇರಿಗೆ ಅನ್ಯಾಯವೇ ಸರಿ. ನಿವೃತ್ತರಾಗುವವರು ಬೇಬಾಕಿ ಪ್ರಮಾಣಪತ್ರಕ್ಕಾಗಿ ಮೇಜಿನಿಂದ ಮೇಜಿಗೆ ಅಲೆಯುವಾಗ ಬೀರುವಿನ ಕೀಲಿ ಕೊಟ್ಟರೋ, ವಸತಿಗೃಹ ಬಿಟ್ಟರೋ, ಹಬ್ಬದ ಮುಂಗಡ ತೀರಿಸಿದರೋ ಎಂದು ಎಲ್ಲರೂ ಕೇಳುತ್ತಾರೆ. ಮುರಿದುಹೋದ ಸ್ಟೂಲಿಗೂ ಲೆಕ್ಕವಿದೆ. ಜಿಲ್ಲೆಯ ಸಾವಿರಾರು ಜನರ ದಾಖಲೆಗಳನ್ನು ತೆರೆಯುವ, ತಿದ್ದುವ, ಅಳಿಸುವ ಅಧಿಕಾರವಿರುವ ಖಾತೆಯನ್ನು ಒಪ್ಪಿಸಿದಿರೋ ಎಂದು ಕೇಳುವ ಅಂಕಣ ಮಾತ್ರ ಆ ನಮೂನೆಯಲ್ಲಿಲ್ಲ. ನಮೂನೆಯಲ್ಲಿ ಇಲ್ಲದ್ದನ್ನು ಕೇಳುವುದು ಶಿಸ್ತುಕ್ರಮಕ್ಕೆ ಆಹ್ವಾನ ಕೊಟ್ಟಂತೆ.

ಅವರ ಜಾಗಕ್ಕೆ ಹೊಸದಾಗಿ ನೇಮಕವಾಗಿ ಬಂದ ಸಹಾಯಕಿಯವರು ಮೊದಲ ದಿನವೇ ತಮ್ಮ ಹೆಸರಿನಲ್ಲಿ ಒಂದು ಖಾತೆ ಬೇಕೆಂದು ಕೇಳಿದರು. ಹೊಸ ಖಾತೆಗೆ ಅರ್ಜಿಯನ್ನು ಕಡ್ಡಾಯವಾಗಿ ಆನ್‌ಲೈನಿನಲ್ಲೇ ಸಲ್ಲಿಸಬೇಕೆಂದೂ, ಅರ್ಜಿಯ ಪುಟ ಲಾಗಿನ್ ಆದವರಿಗೆ ಮಾತ್ರ ಕಾಣುತ್ತದೆಂದೂ ಅವರಿಗೆ ತಿಳಿಸಲಾಯಿತು. ಕಚೇರಿಯ ಅಧೀಕ್ಷಕರು ಸಮಾಧಾನ ಹೇಳಿದರು: “ಮೇಡಂರೀ, ಸದ್ಯಕ್ಕ ಅವರ ಲಾಗಿನ್ನದಾಗ ನಡಸ್ರಿ, ನಿಮ್ಮದು ಬಂದಮ್ಯಾಲ ನೋಡೋಣಂತ.” ಆ ‘ಸದ್ಯಕ್ಕ’ ಎಷ್ಟು ಕಾಲ ಬಾಳಿತೆಂದರೆ, ಅದರ ಅವಧಿಯಲ್ಲಿ ಮೇಡಂ ಅವರ ಪ್ರೊಬೇಷನ್ ಮುಗಿದು, ಅದನ್ನು ಘೋಷಿಸುವ ಆದೇಶವನ್ನೂ ನಿವೃತ್ತರ ಖಾತೆಯಿಂದಲೇ ಅಪ್‌ಲೋಡ್ ಮಾಡಲಾಯಿತು.

ಇಲ್ಲಿ ಯಂತ್ರದ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೇಲೆ ನಡೆಯುವ ಸರ್ವರಿನ ಮಟ್ಟಿಗೆ ಬಳಕೆದಾರರ ಹೆಸರು ಕೇವಲ ಮನುಷ್ಯರ ಅನುಕೂಲಕ್ಕೆ ಇಟ್ಟದ್ದು. ಅದು ಗುರುತಿಸುವುದು ಸಂಖ್ಯೆಯನ್ನು. ಸರ್ವಾಧಿಕಾರಿಯಾದ ‘ರೂಟ್’ ಖಾತೆಯ ಸಂಖ್ಯೆ ಸೊನ್ನೆ. ಸಾಮಾನ್ಯರ ಎಣಿಕೆ ಸಾಮಾನ್ಯವಾಗಿ 1000ದಿಂದ ಶುರುವಾಗುತ್ತದೆ. ನಮ್ಮ ನಿವೃತ್ತರ ಪಾಲಿಗೆ ಬಂದದ್ದು 1007. ಬಳಕೆದಾರರಂತೆ ಗುಂಪುಗಳಿಗೂ ಸಂಖ್ಯೆಯಿದೆ; ಯಾವ ಗುಂಪು ಯಾವ ಕಡತವನ್ನು ಓದಬಹುದು, ಯಾವುದರಲ್ಲಿ ಬರೆಯಬಹುದು ಎಂಬುದನ್ನು ಯಂತ್ರ ಆ ಸಂಖ್ಯೆ ನೋಡಿಯೇ ತೀರ್ಮಾನಿಸುತ್ತದೆ. ಈ ಕಚೇರಿಯ ಮುಖ್ಯ ಗುಂಪಿನ ಹೆಸರು ಇಂದಿಗೂ ‘ಬಿಜಾಪುರ’. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ವಿಜಯಪುರವಾಯಿತು. ಬೋರ್ಡು, ಲೆಟರ್‌ಹೆಡ್, ರಬ್ಬರ್ ಸ್ಟ್ಯಾಂಪುಗಳೆಲ್ಲ ಬದಲಾದವು. ಗುಂಪಿನ ಹೆಸರು ಬದಲಿಸಿದರೆ ಯಾವುದಾದರೂ ಕಡತ ಕಾಣೆಯಾದೀತು ಎಂದು ಯಾರೋ ಹೆದರಿಸಿದ್ದರಿಂದ ಅದನ್ನು ಹಾಗೆಯೇ ಬಿಡಲಾಯಿತು. ಹೆಸರು ಬದಲಾದರೂ ಸಂಖ್ಯೆ ಅದೇ ಉಳಿಯುವುದರಿಂದ ಯಾವ ಕಡತಕ್ಕೂ ಅಪಾಯವಿಲ್ಲ. ಆದರೆ ನಿಜವಾಗಿ ಏನಾದೀತೆಂದು ತಿಳಿದುಕೊಳ್ಳುವುದಕ್ಕಿಂತ ಏನಾದರೂ ಆದೀತು ಎಂಬ ಭಯವನ್ನು ಕಾಪಾಡಿಕೊಂಡು ಬರುವುದು ಆಡಳಿತದ ಪರಂಪರೆ. 1997ರಲ್ಲಿ ಬಿಜಾಪುರದಿಂದ ಬೇರ್ಪಟ್ಟ ಬಾಗಲಕೋಟೆಯ ನೌಕರರಿಬ್ಬರ ಖಾತೆಗಳು ಇದೇ ಗುಂಪಿನಲ್ಲಿ ಹೇಗೆ ಬಂದು ಸೇರಿದವೆಂಬುದನ್ನು ಯಾರೂ ವಿಚಾರಿಸಿಲ್ಲ.

ಪಾಸ್‌ವರ್ಡಿನ ವಿಷಯಕ್ಕೆ ಬರೋಣ. ಒಂದು ಮೂಲೆಯಲ್ಲಿ ಪಿಸುಗುಟ್ಟಿದ್ದು ಎದುರಿನ ಮೂಲೆಯಲ್ಲಿ ಕೇಳಿಸುವಂತೆ ಗ್ಯಾಲರಿ ಕಟ್ಟಿಸಿದ ಊರಿನವರು ಗುಟ್ಟು ಕಾಪಾಡಲಿ ಎಂದು ನಿರೀಕ್ಷಿಸುವುದು ಇತಿಹಾಸಕ್ಕೆ ಮಾಡುವ ಅಪಚಾರ. 1007ರ ಪಾಸ್‌ವರ್ಡ್ ಕಚೇರಿಯವರಿಗೆಲ್ಲ ಗೊತ್ತು, ಝೆರಾಕ್ಸ್ ಅಂಗಡಿಯವನಿಗೂ ಗೊತ್ತು. ತಾಂತ್ರಿಕ ಸಿಬ್ಬಂದಿ ಊಟಕ್ಕೆ ಹೋದಾಗ ಅಂಗಡಿಯವನೇ ಬಂದು ತೆರೆದುಕೊಡುವ ಮಟ್ಟಿಗೆ ಗೊತ್ತು. ತೊಂಬತ್ತು ದಿನಕ್ಕೊಮ್ಮೆ ಅದನ್ನು ಬದಲಿಸಲೇಬೇಕೆಂಬ ಕಟ್ಟುನಿಟ್ಟಿನ ನಿಯಮವಿದೆ. ಆದ್ದರಿಂದ ಊರ ಹೆಸರಿನ ಮುಂದಿನ 123 ಎಂಬುದು 124 ಆಗುತ್ತದೆ, 124 ಎಂಬುದು 125 ಆಗುತ್ತದೆ. ಈಗಿನ ಅಂಕಿಯಿಂದ 123 ಕಳೆದು ನಾಲ್ಕರಿಂದ ಭಾಗಿಸಿದರೆ ನಿಯಮ ಜಾರಿಗೆ ಬಂದು ಎಷ್ಟು ವರ್ಷವಾಯಿತೆಂದು ತಿಳಿಯುತ್ತದೆ. ಆ ನಿಯಮದಿಂದ ಸಿಕ್ಕಿರುವ ಪ್ರಯೋಜನ ಇದೊಂದೇ. ಇಂಥ ನಿಯಮಗಳಿಗೆಲ್ಲ ಆಧಾರವಾದ ಮಾರ್ಗಸೂಚಿಯನ್ನು 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಗಾಗಿ ಬರೆದ ಬಿಲ್ ಬರ್ ಅವರು, ತಾವು ಬರೆದದ್ದರಲ್ಲಿ ಬಹುಪಾಲಿನ ಬಗ್ಗೆ ತಮಗೆ ವಿಷಾದವಿದೆ ಎಂದು 2017ರಲ್ಲಿ ಹೇಳಿಬಿಟ್ಟರು. ಸೋರಿಕೆಯಾದ ಸುಳಿವಿಲ್ಲದಿದ್ದರೆ ಸುಮ್ಮಸುಮ್ಮನೆ ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬೇಡಿ ಎಂದು ಆ ಸಂಸ್ಥೆಯೂ ಅದೇ ವರ್ಷ ತಿದ್ದಿಕೊಂಡಿತು. ಆ ತಿದ್ದುಪಡಿ ಸರಿಯಾದ ಮಾರ್ಗದ ಮೂಲಕ ನಮ್ಮ ಕಚೇರಿಯನ್ನು ಇನ್ನೂ ತಲುಪಿಲ್ಲ.

ಇದರ ನಡುವೆ ನುಡಿ ತಂತ್ರಾಂಶದ ಸ್ಕ್ರೋಲ್ ಲಾಕ್ ಕೀಲಿ ಒತ್ತಿಕೊಂಡಿರುವುದನ್ನು ಗಮನಿಸದೆ ಯಾರಾದರೂ ವೆಬ್‌ಪುಟದಲ್ಲಿ ಪಾಸ್‌ವರ್ಡ್ ಹೊಡೆದರೆ, ಚುಕ್ಕೆಗಳ ಹಿಂದೆ ಕನ್ನಡ ಅಡಗಿರುವುದು ಯಾರಿಗೂ ಕಾಣದೆ, ಮೂರು ಸಲ ತಪ್ಪಾಗಿ, ಖಾತೆ ಲಾಕ್ ಆಗುತ್ತದೆ. ಒಂದೇ ಖಾತೆಯ ಮೇಲೆ ನಿಂತಿರುವ ಕಚೇರಿಯಾದ್ದರಿಂದ ಇಡೀ ಕಚೇರಿಯೇ ಅಂದು ಲಾಕ್. ಸಾಲಿನಲ್ಲಿ ನಿಂತವರಿಗೆ “ಸರ್ವರ್ ಡೌನ್” ಎಂದು ಹೇಳಲಾಗುತ್ತದೆ. ಪಾಪ, ಸರ್ವರ್ ಅಂದು ಪೂರ್ಣ ಆರೋಗ್ಯದಿಂದಿರುತ್ತದೆ.

ಬಬಲೇಶ್ವರ ಕಡೆಯ ರೈತರೊಬ್ಬರ ಅರ್ಜಿಗೆ ‘ದಾಖಲೆ ಅಸ್ಪಷ್ಟ’ ಎಂಬ ಎರಡು ಶಬ್ದಗಳ ಆಕ್ಷೇಪಣೆ ಬಂತು. ಯಾವ ದಾಖಲೆ, ಎಲ್ಲಿ ಅಸ್ಪಷ್ಟ, ಹೀಗೆ ಬರೆದವರು ಯಾರು ಎಂದು ಅವರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದರು. ಮೂವತ್ತು ದಿನಗಳ ಗಡುವಿನೊಳಗೇ ಉತ್ತರ ಬಂತು. ಕಚೇರಿಯ ದಕ್ಷತೆಯನ್ನು ಮೆಚ್ಚಲೇಬೇಕು. ಆಕ್ಷೇಪಣೆ ದಾಖಲಿಸಿದ ನೌಕರರು ಪ್ರಸ್ತುತ ಸೇವೆಯಲ್ಲಿ ಇಲ್ಲವಾದ್ದರಿಂದ ಅವರ ಅಭಿಪ್ರಾಯ ಲಭ್ಯವಿಲ್ಲವೆಂದು ಅದರಲ್ಲಿ ಬರೆದಿತ್ತು. ರೈತರು ಬಿಡಲಿಲ್ಲ, ವಿಳಾಸ ಹುಡುಕಿಕೊಂಡು ಹೊಲಕ್ಕೇ ಹೋದರು. “ಯಪ್ಪಾ, ನಾ ಇಲ್ಲಿ ತೊಗರಿ ಬಿತ್ತಾಕತ್ತೀನಿ, ನಿನ್ನ ಅರ್ಜಿ ನಾ ಯಾಕ ತಡೀಲಿ?” ಎಂದು ನಿವೃತ್ತರು ಬಿತ್ತನೆ ನಿಲ್ಲಿಸಿ ಅಳಲು ತೋಡಿಕೊಂಡರು. ಅವರ ಕಷ್ಟ ಇನ್ನೂ ದೊಡ್ಡದು. ತಮ್ಮ ಪಿಂಚಣಿ ಪರಿಷ್ಕರಣೆಗೆ ಅವರು ಸಲ್ಲಿಸಿದ್ದ ಅರ್ಜಿಗೂ ಆಕ್ಷೇಪಣೆ ಬಿದ್ದಿತ್ತು, ಮತ್ತು ದಾಖಲೆಯ ಪ್ರಕಾರ ಆ ಆಕ್ಷೇಪಣೆಯನ್ನು ಹಾಕಿದವರು ಸ್ವತಃ ಅವರೇ. ಸ್ವಂತ ಅರ್ಜಿಯನ್ನೂ ಬಿಡದೆ ತಿರಸ್ಕರಿಸಿದ ಇಂಥ ನಿಷ್ಪಕ್ಷಪಾತಿ ನೌಕರರಿಗೆ ರಾಜ್ಯೋತ್ಸವದಂದು ಸನ್ಮಾನ ಮಾಡದಿರುವುದು ಜಿಲ್ಲೆಗೆ ಶೋಭೆಯಲ್ಲ.

ಇದೇ ರಾಜ್ಯದಲ್ಲಿ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯವರು ಎರಡು ದಶಕಗಳ ಹಿಂದೆಯೇ ಸಿಬ್ಬಂದಿಯ ಲಾಗಿನ್ನಿಗೆ ಬೆರಳಚ್ಚನ್ನು ಜೋಡಿಸಿದ್ದರು. ದಾಖಲೆ ತಿದ್ದಿದವರು ಮುಂದೊಂದು ದಿನ ‘ನಾನಲ್ಲ’ ಎನ್ನಬಾರದು ಎಂಬುದೇ ಅದರ ಉದ್ದೇಶವಾಗಿತ್ತು. ನಮ್ಮ ಕಚೇರಿ ಆ ಯೋಜನೆಯನ್ನು ಆಳವಾಗಿ ಅಧ್ಯಯನ ಮಾಡಿ, ‘ನಾನಲ್ಲ’ ಎನ್ನುವ ಸೌಲಭ್ಯವೇ ಸರ್ಕಾರಿ ನೌಕರಿಯ ಜೀವಾಳವೆಂದು ಅರಿತು, ಬೇರೆ ದಾರಿ ಹಿಡಿದಿದೆ. ಸಾಹೇಬರ ಡಿಜಿಟಲ್ ಸಹಿಯ ಟೋಕನ್ನು ಆಪರೇಟರನ ಡ್ರಾಯರಿನಲ್ಲಿ, ಅದರ ಪಿನ್ನನ್ನು ಬರೆದ ಚೀಟಿ ಅದೇ ಡ್ರಾಯರಿನ ಒಳಮೈಗೆ ಅಂಟಿಕೊಂಡು, ಶಾಂತಿಯುತವಾಗಿ ಸಹಬಾಳ್ವೆ ನಡೆಸಿವೆ. ಇನ್ನೊಬ್ಬರ ಪಾಸ್‌ವರ್ಡನ್ನೋ ವಿದ್ಯುನ್ಮಾನ ಸಹಿಯನ್ನೋ ವಂಚನೆಯಿಂದ ಇಲ್ಲವೆ ಅಪ್ರಾಮಾಣಿಕವಾಗಿ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಇಲ್ಲಿ ಎಲ್ಲರೂ ಅದನ್ನು ಅತ್ಯಂತ ಪ್ರಾಮಾಣಿಕವಾಗಿ, ಹಾಡಹಗಲೇ, ಸಾಹೇಬರ ಎದುರಿನಲ್ಲೇ ಬಳಸುವುದರಿಂದ ಆ ಕಲಮಿಗೆ ಕಚೇರಿಯೊಳಗೆ ಕಾಲಿಡಲು ಧೈರ್ಯ ಸಾಲದು.

ಕೊನೆಗೂ ಬೆಂಗಳೂರಿನಿಂದ ಸುತ್ತೋಲೆ ಬಂತು: ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಲ್ಲಿಯೇ ಕೆಲಸ ಮಾಡತಕ್ಕದ್ದು. 1007ರ ಲಾಗಿನ್ನಿನಿಂದ ಅದನ್ನು ಡೌನ್‌ಲೋಡ್ ಮಾಡಿ, ಓದಿ, ಎಲ್ಲರ ಸಹಿ ಪಡೆದು, ತಾಂತ್ರಿಕ ಸಿಬ್ಬಂದಿಯ ಯುವಕನನ್ನು ಕರೆಸಲಾಯಿತು. ಆತ ಮೊದಲು ನಿವೃತ್ತರ ಪಾಸ್‌ವರ್ಡನ್ನು ಲಾಕ್ ಮಾಡಿದ. ಮರುದಿನವೂ 1007 ಎಂದಿನಂತೆ ಕೆಲಸಕ್ಕೆ ಹಾಜರು. ಪಾಸ್‌ವರ್ಡಿಗೆ ಬೀಗ ಹಾಕಿದರೂ, ಪಾಸ್‌ವರ್ಡಿನ ಬದಲು ಬಳಸುವ ಎಸ್‌ಎಸ್‌ಎಚ್ ಕೀಲಿಯೆಂಬ ಕಡತ ಇಟ್ಟುಕೊಂಡವರು ಒಳಗೆ ಬರಬಲ್ಲರು. ಆ ಕೀಲಿಯನ್ನು ರದ್ದು ಮಾಡದ ಅಥವಾ ಖಾತೆಯ ಅವಧಿಯನ್ನೇ ಮುಗಿಸದ ಹೊರತು ಆ ದಾರಿ ಮುಚ್ಚುವುದಿಲ್ಲ. ಮುಂಬಾಗಿಲಿಗೆ ಸೀಲು ಹಾಕಿ ಹಿತ್ತಲ ಬಾಗಿಲಿನಿಂದ ವ್ಯವಹಾರ ನಡೆಸುವುದು ಕಚೇರಿಗೆ ಹೊಸದೇನಲ್ಲವಾದ್ದರಿಂದ ಯಾರೂ ಆಶ್ಚರ್ಯಪಡಲಿಲ್ಲ.

ಆಮೇಲೆ ಮೇಡಂ ಅವರ ಖಾತೆ. ಅದನ್ನು ಸೃಷ್ಟಿಸಿ, ಸ್ವೀಕೃತಿ, ಮುದ್ರಣ, ಖಜಾನೆ ಎಂಬ ಮೂರು ಗುಂಪುಗಳಿಗೆ ಸೇರಿಸಲಾಯಿತು. ಪರಿಶೀಲನೆಯ ಗುಂಪು ಬಿಟ್ಟುಹೋಗಿತ್ತೆಂದು ಮಧ್ಯಾಹ್ನ ಗೊತ್ತಾಗಿ ಯುವಕ ಖಾತೆಯನ್ನು ತಿದ್ದುವ ‘ಯೂಸರ್‌ಮಾಡ್’ ಆಜ್ಞೆ ಕೊಟ್ಟ. ಆ ಆಜ್ಞೆಯಲ್ಲಿ ದೊಡ್ಡ ‘ಜಿ’ ಅಕ್ಷರದ ಜೊತೆಗೆ ಚಿಕ್ಕದೊಂದು ‘ಎ’ ಇದ್ದರೆ ಹಳೆಯ ಗುಂಪುಗಳು ಉಳಿದು ಹೊಸದು ಸೇರುತ್ತದೆ. ಆ ‘ಎ’ ಬಿಟ್ಟರೆ ಹೊಸದೊಂದೇ ಉಳಿದು ಹಳೆಯವೆಲ್ಲ ಹೋಗುತ್ತವೆ. ಯುವಕ ‘ಎ’ ಬಿಟ್ಟ. ಅಲ್ಲಿಂದ ಮುಂದೆ ಮೇಡಂ ಅವರಿಗೆ ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರವಿತ್ತು, ಅವುಗಳನ್ನು ತೆರೆದು ನೋಡುವ ಅಧಿಕಾರವಿರಲಿಲ್ಲ. ಹಿರಿಯ ನೌಕರರು ಇದರಲ್ಲಿ ದೋಷವೇನೆಂದು ಪ್ರಾಮಾಣಿಕವಾಗಿಯೇ ಕೇಳಿದರು. ಅವರು ಮೊದಲಿನಿಂದಲೂ ತೆರೆಯದೆಯೇ ಪರಿಶೀಲಿಸುತ್ತಿದ್ದವರು. ತಪ್ಪು ತಿಳಿದ ಯುವಕ ಗುಂಪುಗಳನ್ನು ಮತ್ತೆ ಸೇರಿಸಿದನಾದರೂ ಏನೂ ಬದಲಾಗಲಿಲ್ಲ. ಗುಂಪಿನ ಬದಲಾವಣೆ ಹೊಸದಾಗಿ ಲಾಗಿನ್ ಆದಾಗ ಮಾತ್ರ ಜಾರಿಗೆ ಬರುತ್ತದೆ. ಮತ್ತೆ ಒಳಗೆ ಬಿಡುತ್ತದೋ ಇಲ್ಲವೋ ಎಂಬ ಭಯದಿಂದ ಮೇಡಂ ಬೆಳಗಿನಿಂದ ಲಾಗ್‌ಔಟ್ ಆಗಿರಲೇ ಇಲ್ಲ.

ಹೊರಗೆ ಸಾಲು ಬೆಳೆದಿತ್ತು, ಅಧೀಕ್ಷಕರ ಧ್ವನಿಯೂ ಏರಿತ್ತು. ಯುವಕ ಕೊನೆಯ ಅಸ್ತ್ರವಾಗಿ, ಕಡತಗಳ ಮೇಲೆ ಯಾರಿಗೆ ಏನು ಅಧಿಕಾರವೆಂದು ಹೇಳುವ ಅಂಕಿಗಳಲ್ಲಿ 777 ಪ್ರಯೋಗಿಸಿದ. ಓದಲು ನಾಲ್ಕು, ಬರೆಯಲು ಎರಡು, ಚಲಾಯಿಸಲು ಒಂದು, ಕೂಡಿದರೆ ಏಳು. ಮಾಲೀಕರಿಗೆ ಏಳು, ಗುಂಪಿಗೆ ಏಳು, ಇತರರಿಗೂ ಏಳು. ಸರ್ಕಾರದ ಇಡೀ ವ್ಯವಹಾರದಲ್ಲಿ ‘ಇತರರು’ ಎಂಬ ಅಂಕಣದಲ್ಲಿ ಬಿದ್ದವರಿಗೆ ಪೂರ್ಣ ಸಮಾನತೆ ದೊರೆತದ್ದು ಆ ಒಂದು ಕ್ಷಣದಲ್ಲಿ ಮಾತ್ರ. ದೂರುಗಳೆಲ್ಲ ನಿಂತವು. ಅರ್ಜಿ, ಆದೇಶ, ಸಂಬಳದ ಪಟ್ಟಿಗಳು ಎಲ್ಲರಿಗೂ ತೆರೆದುಕೊಂಡವು; ಲಾಗ್ ಕಡತಕ್ಕೂ ಅದೇ ಭಾಗ್ಯ ಬಂದದ್ದರಿಂದ, ಯಾವ ಕೆಲಸವನ್ನು ಯಾರು ಮಾಡಿದರೆಂದು ಬರೆದಿಡುವ ಪುಸ್ತಕದಲ್ಲಿ ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ತಿದ್ದಿಕೊಳ್ಳುವಂತಾಯಿತು. ಸುತ್ತೋಲೆಯನ್ನು ಯಶಸ್ವಿಯಾಗಿ ಅನುಷ್ಠಾನಗೊಳಿಸಲಾಗಿದೆ ಎಂದು ಅಂದೇ ವರದಿ ಹೋಯಿತು.

ವರದಿಯಲ್ಲಿ ಹೇಳಿದ್ದು ಸುಳ್ಳಾಗಬಾರದೆಂದು 1007ನ್ನು ಅಳಿಸಲಾಯಿತು. ಅದರ ಹೆಸರಿನಲ್ಲಿ ರಾತ್ರಿಯ ಹೊತ್ತು ತಾನಾಗಿಯೇ ನಡೆಯುತ್ತಿದ್ದ ಬ್ಯಾಕಪ್ ಕೂಡ ಅಂದಿನಿಂದ ನಿಂತಿತು. ನಿಂತಿರುವುದು ಬ್ಯಾಕಪ್ ಬೇಕಾದ ದಿನ ಗೊತ್ತಾಗಲಿದೆ. ನಿವೃತ್ತರ ಖಾತೆಯಲ್ಲಿ ಸೃಷ್ಟಿಯಾದ ಕಡತಗಳು ಮಾತ್ರ ಅಳಿಯಲಿಲ್ಲ. ಮಾಲೀಕರ ಹೆಸರು ಇರಬೇಕಾದಲ್ಲಿ 1007 ಎಂಬ ಬರಿಯ ಅಂಕಿ ಹೊತ್ತು ಅನಾಥವಾಗಿ ಕುಳಿತವು. ವಾರ ಕಳೆದ ಮೇಲೆ ಹೊರಗುತ್ತಿಗೆ ಏಜೆನ್ಸಿಯ ಮೂಲಕ ಇಂಡಿ ತಾಲ್ಲೂಕಿನ ಹುಡುಗನೊಬ್ಬ ಡೇಟಾ ಎಂಟ್ರಿ ಆಪರೇಟರ್ ಆಗಿ ಬಂದ. ಲಿನಕ್ಸಿನಲ್ಲೇ ಡೆಬಿಯನ್ ಎಂಬ ಬಗೆಯ ಆ ಸರ್ವರಿನಲ್ಲಿ ‘ಆ್ಯಡ್‌ಯೂಸರ್’ ಎಂದರೆ ಅದು ಖಾಲಿ ಇರುವ ಮೊದಲ ಸಂಖ್ಯೆಯನ್ನು ಹೊಸಬರಿಗೆ ಕೊಡುತ್ತದೆ. ಖಾಲಿ ಇದ್ದದ್ದು 1007. ಅನುಕಂಪದ ನೌಕರಿಗೂ ವಂಶವೃಕ್ಷ, ಪ್ರಮಾಣಪತ್ರ, ಪೊಲೀಸ್ ವರದಿಗಳನ್ನು ಕೇಳುವ ಸರ್ಕಾರದಲ್ಲಿ ಈ ಉತ್ತರಾಧಿಕಾರ ಮಾತ್ರ ಒಂದೇ ಕ್ಷಣದಲ್ಲಿ ಇತ್ಯರ್ಥವಾಯಿತು. ಲೆಕ್ಕಪರಿಶೋಧಕರು ಬಂದು ನೋಡಿದಾಗ, ಹುಡುಗ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ ವರ್ಷಗಳ ಮಂಜೂರಾತಿ ಆದೇಶಗಳೂ ಅವನ ಹೆಸರಿನಲ್ಲಿದ್ದವು. ಅವುಗಳಿಗೆ ವಿವರಣೆ ಕೊಡುವಂತೆ ಅವನಿಗೆ ನೋಟಿಸು ಕೊಡಲಾಗಿದೆ. ನೋಟಿಸನ್ನು ಜೇಬಿನಲ್ಲಿಟ್ಟುಕೊಂಡೇ ಅವನು ದಿನವೂ ಏಜೆನ್ಸಿಯ ಬಾಗಿಲಿಗೆ ಹೋಗಿ ಬರುತ್ತಿದ್ದಾನೆ. ವೇತನದ ತಂತ್ರಾಂಶದಲ್ಲಿ ಅವನ ಖಾತೆ ಇನ್ನೂ ಸೃಷ್ಟಿಯಾಗಿಲ್ಲವಾದ್ದರಿಂದ ಅವನು ಕೆಲಸಕ್ಕೇ ಸೇರಿಲ್ಲವೆಂದು ಅವರು ಹೇಳುತ್ತಿದ್ದಾರೆ.