ಒಂದು ಪೆಟ್ಟಿಗೆ ಸಾಕು ಮಾರಾಯಾ

ಕಂಪ್ಯೂಟರ್ ಗೇಮಿನಲ್ಲಿ ನಿಂತ ಪೆಟ್ಟಿಗೆ ಕಾಲಡಿಯಿಂದ ಮಾಯವಾದರೆ ಮೊದಲು ಸಿಟ್ಟು ಬರುವುದಿಲ್ಲ. ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಪಾಂಟಿಯಸ್ ಎಂಬ ಆ ದಢೂತಿ ಯೋಧ ಕತ್ತಿ, ಗುರಾಣಿ, ಹೊಟ್ಟೆ ಸಮೇತ ಹೊಂಡ ಸೇರಿರುತ್ತಾನೆ. ಸಿಟ್ಟು ಬರುವುದು ಆಮೇಲೆ, ಪಕ್ಕದಲ್ಲಿ ಮೌಸ್ ಹಿಡಿದು ಕೂತವನು "ಅಯ್ಯೋ, ನೀನು ಅದರ ಮೇಲೇ ನಿಂತಿದ್ಯಾ?" ಅಂದಾಗ.

ಇನ್ನೆಲ್ಲಿ ನಿಲ್ಲಬೇಕಿತ್ತು? ಅದನ್ನು ಹಾಕಿದ್ದೇ ನಿಲ್ಲಲಿಕ್ಕೆ.

ಗೇಮಿನ ಹೆಸರು ಟ್ರೈನ್ 2. ರೈಲಿಗೂ ಇದಕ್ಕೂ ಸಂಬಂಧವಿಲ್ಲ, ಟ್ರೈನ್ ಅಂದರೆ ಮೂವರ ಕೂಟ. ಆದರೂ "ಇವತ್ತು ಊಟ ಆದ್ಮೇಲೆ ಟ್ರೈನ್ ಇದೆ" ಅಂದರೆ ಅಡುಗೆಮನೆಯಿಂದ "ಎಷ್ಟು ಗಂಟೆಗೆ, ಚಪಾತಿ ಕಟ್ಟಿಕೊಡ್ಲಾ?" ಅಂತಲೇ ಉತ್ತರ ಬರುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿಯ ಫ್ರೋಜನ್‌ಬೈಟ್‌ನವರು ಮೊದಲನೆಯದನ್ನು 2009ರಲ್ಲಿ ತಂದರು, ಎರಡನೆಯದನ್ನು 2011ರಲ್ಲಿ. ಮಂತ್ರದ ವಸ್ತುವೊಂದನ್ನು ಮುಟ್ಟಿ ಮೂವರ ಆತ್ಮಗಳು ಒಂದಕ್ಕೊಂದು ಅಂಟಿಕೊಂಡವು ಅನ್ನುವುದು ಕಥೆ. ಒಬ್ಬರೇ ಆಡಿದರೆ ಪರದೆಯ ಮೇಲೆ ಒಂದು ಸಲಕ್ಕೆ ಒಬ್ಬರೇ ಇರುತ್ತಾರೆ, ಮೂವರು ಕೂತು ಆಡಿದರೆ ಮೂವರೂ. ಅಲ್ಲಿಂದ ಜಗಳ ಶುರು.

ಮೂವರಲ್ಲಿ ಜೋಯಾ ಕಳ್ಳಿ. ಕೈಯಲ್ಲಿ ಬಿಲ್ಲು, ಸೊಂಟದಲ್ಲಿ ಕೊಕ್ಕೆ ಹಗ್ಗ. ಕೊಕ್ಕೆ ಮರಕ್ಕೆ ಹಿಡಿಯುತ್ತದೆ, ಕಲ್ಲಿಗೆ ಹಿಡಿಯುವುದಿಲ್ಲ. ಇದನ್ನು ಹತ್ತು ಸಲ ಹೇಳಿದರೂ ಜೋಯಾ ಆಡುವವರು ಕಲ್ಲಿನ ಚಾವಣಿಗೆ ಹನ್ನೊಂದನೇ ಸಲ ಎಸೆದು ನೋಡುತ್ತಾರೆ. ಪಾಂಟಿಯಸ್‌ನದು ಹೊಡೆಯುವ ಕೆಲಸ. ಗುರಾಣಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತರೆ ಉಳಿದವರು ಅದರ ಮೇಲೆ ಹತ್ತಿ ಮೇಲಿನ ಕಟ್ಟೆಗೆ ನೆಗೆಯಬಹುದು, ಅಂದರೆ ಮನೆಯಲ್ಲಿ ಅಟ್ಟದ ಸಾಮಾನು ಇಳಿಸುವಾಗ ಭುಜ ಕೊಡುವವನು. ಇನ್ನು ಅಮೇಡಿಯಸ್, ಮಾಂತ್ರಿಕ. ಬೆಂಕಿಯ ಉಂಡೆ ಎಸೆಯುವ ಮಂತ್ರ ಕಲಿಯಲು ಹೊರಟು ಅದು ಒಲಿಯದ ಮನುಷ್ಯ. ಒಲಿದದ್ದು ಪೆಟ್ಟಿಗೆ.

ಮೌಸಿನ ಗುಂಡಿ ಒತ್ತಿ ಹಿಡಿದು ಗಾಳಿಯಲ್ಲೊಂದು ಚೌಕ ಗೀಚಿ ಬಿಟ್ಟರೆ ಪೆಟ್ಟಿಗೆ ಬೀಳುತ್ತದೆ. ವಿದ್ಯೆ ಕಲಿತ ಮೇಲೆ ಗೆರೆ ಎಳೆದರೆ ಹಲಗೆ. ಹಾಗಾಗಿ ಮೂವರು ಒಂದೇ ಕಂಪ್ಯೂಟರಿನ ಮುಂದೆ ಕೂತರೆ ಮೌಸು ಮಾಂತ್ರಿಕನಿಗೆ, ಉಳಿದಿಬ್ಬರಿಗೆ ಗೇಮ್‌ಪ್ಯಾಡ್. ಗೇಮ್‌ಪ್ಯಾಡಿನ ಕಡ್ಡಿಯಲ್ಲಿ ಚೌಕ ಬರೆಯುವುದು ಎಡಗೈಯಲ್ಲಿ ರಂಗೋಲಿ ಹಾಕಿದ ಹಾಗೆ. ಇಲ್ಲಿಯವರೆಗೆ ಎಲ್ಲ ಸರಿ. ತೊಂದರೆ ಇರುವುದು ಒಂದೇ ಒಂದು ನಿಯಮದಲ್ಲಿ. ಶುರುವಿನಲ್ಲಿ ಮಾಂತ್ರಿಕ ಒಂದು ಸಲಕ್ಕೆ ಒಂದೇ ವಸ್ತುವನ್ನು ಇಟ್ಟುಕೊಳ್ಳಬಹುದು. ಎರಡನೆಯದನ್ನು ಗೀಚಿದ ತಕ್ಷಣ ಮೊದಲಿನದು ಮಾಯ. ಅದರ ಮೇಲೆ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಅಂತ ಗೇಮು ಕೇಳುವುದಿಲ್ಲ.

ಮೌಸ್ ಹಿಡಿದವನ ಕೈ ಸುಮ್ಮನಿರುವುದಿಲ್ಲ. ಹಾಕಿದ ಪೆಟ್ಟಿಗೆ ಸರಿಯಾಗಿಯೇ ಇರುತ್ತದೆ, ಜೋಯಾ ಅದರ ಮೇಲೆ ಹತ್ತಿ ಕೊಕ್ಕೆ ಗುರಿಯಿಡುತ್ತಿರುತ್ತಾಳೆ. ಅವನಿಗೆ ಮಾತ್ರ ಅದು ಒಂದು ಅಂಗುಲ ಆಚೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಬಲ್ಬು ಹಾಕಲು ಸ್ಟೂಲು ಹತ್ತಿದವನ ಕೆಳಗಿನಿಂದ, "ಅದಕ್ಕಿಂತ ಆ ನೀಲಿ ಸ್ಟೂಲು ಗಟ್ಟಿ ಇದೆ" ಅಂತ ಎಳೆದುಕೊಳ್ಳುವ ಜಾತಿ ಇದು. "ಲೋ, ಬೇಡ, ಒಂದು ಸಾಕು" ಅನ್ನುವಷ್ಟರಲ್ಲಿ ಚೌಕದ ಮೂರು ಗೆರೆ ಮುಗಿದಿರುತ್ತದೆ. ನಾಲ್ಕನೆಯ ಗೆರೆಗೆ ಜೋಯಾ ಕೆಳಗೆ. ಅವಳು ಬಿದ್ದ ಜಾಗದ ಮೇಲೆ ಹೊಸ ಪೆಟ್ಟಿಗೆ, ನಿಜ ಹೇಳಬೇಕೆಂದರೆ ಮೊದಲಿನದಕ್ಕಿಂತ ಸ್ವಲ್ಪ ಚೆನ್ನಾಗಿಯೇ, ಖಾಲಿಯಾಗಿ ಕೂತಿರುತ್ತದೆ. "ಈಗ ಹತ್ತು" ಅನ್ನುತ್ತಾನೆ. ಯಾರು ಹತ್ತುವುದು?

ಸಂಕಟ ಏನೆಂದರೆ, ಅವನು ಹೊಸದು ಗೀಚಬೇಕಾಗೇ ಇರಲಿಲ್ಲ. ಇದ್ದ ಪೆಟ್ಟಿಗೆಯನ್ನೇ ಮಂತ್ರದಿಂದ ಎತ್ತಿ ಸರಿಸುವ ವಿದ್ಯೆಯೂ ಅವನಿಗಿದೆ, ಅದೂ ಮೇಲೆ ನಿಂತವರ ಸಮೇತ. ಜೋಯಾಳನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸಿ ಲಿಫ್ಟಿನ ಹಾಗೆ ಮೇಲಕ್ಕೆ ಕಳಿಸಬಹುದು. ಆಗದಿರುವುದು ಒಂದೇ, ತಾನು ನಿಂತ ಪೆಟ್ಟಿಗೆಯನ್ನು ತಾನೇ ಎತ್ತಿಕೊಳ್ಳುವುದು. ಅದಕ್ಕೆ ಎಲ್ಲರೂ ದಾಟಿದ ಮೇಲೆ ಈಚೆ ದಡದಲ್ಲಿ ಉಳಿಯುವವನು ಯಾವಾಗಲೂ ಅವನೇ. ಅಷ್ಟರ ಮಟ್ಟಿಗೆ ಗೇಮಿನಲ್ಲಿ ನ್ಯಾಯ ಇದೆ.

ಹಾಗೆ ಉಳಿದವರಿಗೊಂದು ಅಡ್ಡದಾರಿಯಿದೆ, ಹೇಳಲು ಸಂಕೋಚ. ಯಾರಾದರೂ ಒಬ್ಬರು ಮುಂದಿನ ಚೆಕ್‌ಪಾಯಿಂಟ್, ಅಂದರೆ ಸತ್ತರೆ ಮತ್ತೆ ಶುರು ಮಾಡುವ ಜಾಗ, ಮುಟ್ಟಿದರೆ ಸತ್ತವರೆಲ್ಲ ಅಲ್ಲೇ ಎದ್ದು ಬರುತ್ತಾರೆ. ಆದ್ದರಿಂದ ಜೋಯಾ ಹೇಗೋ ಜೋತಾಡಿಕೊಂಡು ಆಚೆ ಹೋಗಲಿ, ಉಳಿದಿಬ್ಬರು ಹೊಂಡಕ್ಕೆ ಹಾರಲಿ. ಫಿನ್ಲೆಂಡಿನವರು ತಲೆ ಕೆಡಿಸಿಕೊಂಡು ಪೈಪು, ತೂಗುಹಲಗೆ, ನೀರು ಹನಿಸಿದರೆ ಬೆಳೆಯುವ ಗಿಡ ಅಂತ ಕಟ್ಟಿದ ಒಗಟನ್ನೆಲ್ಲ ನಮ್ಮವರು ಎರಡು ಆತ್ಮಾಹುತಿಯಲ್ಲಿ ಮುಗಿಸುತ್ತಾರೆ. ಒಂದೇ ಎಚ್ಚರ, ಮೂವರೂ ಒಟ್ಟಿಗೆ ಸಾಯಬಾರದು. ಸತ್ತರೆ ಹಿಂದಿನ ಚೆಕ್‌ಪಾಯಿಂಟಿಗೆ ವಾಪಸು. ಸತ್ತು ಕಾಯುತ್ತಿರುವವನಿಗೆ ಗೇಮ್‌ಪ್ಯಾಡಿನಲ್ಲಿ ಕೆಲಸವಿಲ್ಲ, ಅದಕ್ಕೆ ಬಾಯಿಗೆ ಕೆಲಸ ಕೊಡುತ್ತಾನೆ. "ಎಡಕ್ಕೆ, ಎಡಕ್ಕೆ ಅಂದ್ನಲ್ಲ, ನಿನ್ನ ಎಡಕ್ಕಲ್ಲ."

ಇಷ್ಟು ಸಾಲದೆಂದು ಅನ್‌ಲಿಮಿಟೆಡ್ ಅಂತೊಂದು ಬಗೆ ಇದೆ. ಅದರಲ್ಲಿ ಯಾರು ಬೇಕಾದರೂ ಯಾರಾದರೂ ಆಗಬಹುದು, ಮೂವರೂ ಮಾಂತ್ರಿಕರೇ ಆಗಬಹುದು. ಒಬ್ಬ ಇನ್ನೊಬ್ಬನ ಪೆಟ್ಟಿಗೆಯನ್ನು ಎತ್ತಿ ಎತ್ತಿ ಅರ್ಧ ಲೆವೆಲ್ಲನ್ನು ಹಾರಿಕೊಂಡೇ ದಾಟಬಹುದು. ಒಂದು ಸಂಜೆಗೆ ಚೆನ್ನಾಗಿರುತ್ತದೆ. ಬಗೆಹರಿಸಲು ಏನೂ ಉಳಿಯುವುದಿಲ್ಲವಾದ್ದರಿಂದ ನನ್ನ ಓಟು ಕ್ಲಾಸಿಕ್‌ಗೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ.

ಪೆಟ್ಟಿಗೆ ಮಾಯವಾಗುವ ರೋಗಕ್ಕೆ ಮದ್ದು ಗೇಮಿನಲ್ಲೇ ಇದೆ. ದಾರಿಯಲ್ಲಿ ಸಿಗುವ ಹೊಳೆಯುವ ಗೋಲಿಗಳನ್ನು 50 ಕೂಡಿಸಿದರೆ ಒಂದು ಅಂಕ. ಆ ಅಂಕದಿಂದ ಮಾಂತ್ರಿಕನಿಗೆ ಎರಡನೆಯ ವಸ್ತು ಇಟ್ಟುಕೊಳ್ಳುವ ಶಕ್ತಿ ಕೊಡಿಸಬಹುದು, ಮುಂದೆ ಮೂರನೆಯದೂ. ಎರಡಾದರೆ ಕೆಳಗೊಂದು ಪೆಟ್ಟಿಗೆ, ಅದಕ್ಕೆ ಒರಗಿಸಿ ಹಲಗೆ, ಎಲ್ಲರೂ ಮರ್ಯಾದೆಯಿಂದ ಹತ್ತಬಹುದು. ಆದರೆ ಅಂಕ ಬಂದ ತಕ್ಷಣ ಜೋಯಾ ಆಡುವವರಿಗೆ ಉರಿಯುವ ಬಾಣ ಬೇಕು. ಪಾಂಟಿಯಸ್‌ಗೆ ಸುತ್ತಿಗೆ ಎಸೆಯಬೇಕು. ಕೊಟ್ಟ ಅಂಕ ವಾಪಸು ಪಡೆದು ಬೇರೆಯವರಿಗೆ ಹಾಕಲು ಬರುತ್ತದೆ ಅಂತ ಗೊತ್ತಾದ ದಿನದಿಂದ ಆಟಕ್ಕಿಂತ ಹಂಚಿಕೆಯ ಮಾತುಕತೆಯೇ ಹೆಚ್ಚು. ನನ್ನ ಮಾತು ಕೇಳಿ: ಮೊದಲ ಅಂಕಗಳನ್ನು ಬಾಯಿ ಮುಚ್ಚಿಕೊಂಡು ಆ ಪೆಟ್ಟಿಗೆಯವನಿಗೇ ಕೊಡಿ. ಔದಾರ್ಯಕ್ಕಲ್ಲ, ಆತ್ಮರಕ್ಷಣೆಗೆ. ಅಷ್ಟು ಕೊಟ್ಟರೂ ಅವನು ಮೂರನೆಯದನ್ನು ಗೀಚುತ್ತಾನೆ, ಅದು ಬೇರೆ ವಿಷಯ.

ಮೊದಲು ಇದೆಲ್ಲ ಒಂದೇ ಮಂಚದ ಮೇಲೆ ನಡೆಯುತ್ತಿತ್ತು. ಪೆಟ್ಟಿಗೆ ಮಾಯವಾದರೆ ತಿವಿಯಲು ಮೊಣಕೈ ಹತ್ತಿರದಲ್ಲೇ ಇತ್ತು. ಈಗ ಮೂವರು ಮೂರು ಊರು. ಇಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಯವನಿಗೆ ಮಧ್ಯಾಹ್ನ ಹನ್ನೆರಡು, ಅವನಿಗೆ ಮೀಟಿಂಗು. ಮೈಸೂರಿನವನ ಮನೆಯಲ್ಲಿ ಕರೆಂಟು ಹೋದರೆ ಲ್ಯಾಪ್‌ಟಾಪು ಉಳಿಯುತ್ತದೆ, ರೌಟರು ಉಳಿಯುವುದಿಲ್ಲ. ಆನ್‌ಲೈನಿನಲ್ಲಿ ಗೇಮೇನೋ ನಡೆಯುತ್ತದೆ. ಪೆಟ್ಟಿಗೆ ಸ್ವಲ್ಪ ತಡವಾಗಿ ಬೀಳುತ್ತದೆ, ಬೈಗುಳ ಅದಕ್ಕಿಂತ ತಡವಾಗಿ ತಲುಪುತ್ತದೆ.

ಯಾರೂ ಸಿಗದ ದಿನ ಒಬ್ಬರೇ ಆಡಬೇಕು. ಕೀಬೋರ್ಡಿನಲ್ಲಿ 1, 2, 3 ಒತ್ತಿದರೆ ಮಾಂತ್ರಿಕ, ಯೋಧ, ಕಳ್ಳಿ ಬದಲಾಗುತ್ತಾರೆ. ಹೊಂಡದ ಮುಂದೆ ಪೆಟ್ಟಿಗೆ ಹಾಕಿ, ಹತ್ತಿ ನಿಂತು, ಇದು ಒಂದು ಅಂಗುಲ ಆಚೆ ಇದ್ದಿದ್ದರೆ ಚೆನ್ನಾಗಿತ್ತಲ್ಲ ಅಂತ ಇನ್ನೊಂದು ಚೌಕ ಗೀಚುತ್ತೇವೆ. ನಾಲ್ಕನೆಯ ಗೆರೆ ಮುಗಿಯುತ್ತಿದ್ದಂತೆ ಅಮೇಡಿಯಸ್ ಕೆಳಗೆ. "ಲೋ" ಅಂತ ಪಕ್ಕಕ್ಕೆ ತಿರುಗಿದರೆ ಅಲ್ಲಿ ತಲೆದಿಂಬು.